ಚಕ್ರವರ್ತಿಯ ಕಿಲುಬು

ಜೀವಮಾನವಿಡೀ ಬೇರೆಯವರ ಬಾಯೊಳಗೆ ಇಣುಕಿ ನೋಡಿದ ಒಬ್ಬ ಹಲ್ಲಿನ ಡಾಕ್ಟರಿಂದ ನಾನು ರೋಮಿನ ಚರಿತ್ರೆ ಕಲಿತೆ. ಅದಕ್ಕೂ ಮೊದಲು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಅದೇ ಚರಿತ್ರೆಯನ್ನು ವರ್ಷಗಟ್ಟಲೆ ಪಾಠ ಮಾಡಿದ್ದೆ ಎನ್ನುವುದು ಬೇರೆ ಮಾತು. ನಾನು ಹೇಳಿಕೊಟ್ಟದ್ದು ಪರೀಕ್ಷೆಗೆ ಬೇಕಾದಷ್ಟು ರೋಮ್. ಪಶ್ಚಿಮದ ಸಾಮ್ರಾಜ್ಯ ಬಿತ್ತು, ಕಾರಣಗಳು ಇಂತಿವೆ, ಮುಂದಿನ ಅಧ್ಯಾಯ. ಅದಾದ ಮೇಲೆ ಪೂರ್ವದಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು ಆಳಿದವರನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಆ ಸಾಲಿನೊಳಗೆ ಅನಸ್ಟೇಷಿಯಸ್ ಎಂಬ ಒಬ್ಬ ಮುದುಕನಿದ್ದಾನೆಂದು ನನಗೆ ಗೊತ್ತಾದದ್ದು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ನಾವು ಬಾಡಿಗೆಗಿದ್ದ ಫ್ಲ್ಯಾಟಿನ ಮೆಟ್ಟಿಲ ಬುಡದಲ್ಲಿ.

ನನ್ನ ಗಂಡನಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಅವರ ಹಿಂದೆ ನಾನೂ ಹೋದೆ. ಪಾಠ ಮಾಡಬೇಕಾದರೆ ಮತ್ತೆ ಓದಬೇಕು, ಮತ್ತೆ ಪರೀಕ್ಷೆ ಬರೆಯಬೇಕು ಎಂದರು ಅಲ್ಲಿನ ಶಿಕ್ಷಣ ಇಲಾಖೆಯವರು. ನಲವತ್ತು ದಾಟಿದವಳಿಗೆ ರೋಷ ಬಂದು ಮನೆಯಲ್ಲೇ ಕೂತೆ. ಬೆಳಗ್ಗೆ ಡಬ್ಬಿ ಕಟ್ಟಿ ಕಳಿಸಿದರೆ ಸಂಜೆಯವರೆಗೆ ಮಾತಿಗೆ ಒಬ್ಬರಿಲ್ಲ. ಪೆಂಡಲ್ ಹಿಲ್‌ನ ದಿನಸಿ ಅಂಗಡಿಯಲ್ಲಿ ಬೇಕೆಂದೇ ಹೊತ್ತು ಕಳೆದು, ತೊಗರಿಬೇಳೆಯ ಎರಡು ಬ್ರ್ಯಾಂಡುಗಳನ್ನು ಹೋಲಿಸುತ್ತ ನಿಂತಿರುತ್ತಿದ್ದೆ. ಒಂದು ಕ್ಲಾಸಿನ ಹುಡುಗರನ್ನು ಬರೀ ದನಿಯಲ್ಲಿ ಹಿಡಿದು ಕೂರಿಸಿದ ನನಗೆ ಅದು ದೊಡ್ಡ ಅವಮಾನದ ಹಾಗೆ ಕಾಣುತ್ತಿತ್ತು.

ಡಾಕ್ಟರು ನಮ್ಮ ಮೇಲಿನ ಮನೆಯವರು. ಎಂಬತ್ತರ ಹತ್ತಿರದ ವಯಸ್ಸು, ಒಬ್ಬಂಟಿ, ಆಸ್ಟ್ರೇಲಿಯದಲ್ಲೇ ಹುಟ್ಟಿ ಬೆಳೆದವರು. ಒಂದು ದಿನ ಟಪಾಲು ಪೆಟ್ಟಿಗೆಗಳ ಮುಂದೆ ನಿಂತು ಕಾಗದವೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು. ಕಣ್ಣಿನ ನಡುವಿನ ದೃಷ್ಟಿ ಹೋಗುತ್ತಾ ಬಂದಿದೆ, ಇದು ಯಾರ ಹೆಸರಿಗಿದೆ ನೋಡಿ ಹೇಳುತ್ತೀರಾ ಎಂದು ಕೇಳಿದರು. ಹೇಳಿದೆ. ಮಾತಿಗೆ ಮಾತು ಬೆಳೆದು, ಊರಿನಲ್ಲಿ ಏನು ಮಾಡುತ್ತಿದ್ದಿರಿ ಎಂದರು. ಚರಿತ್ರೆ ಪಾಠ ಎಂದೆ. ಅವರ ಮುಖ ಅರಳಿತು.

"ಹಾಗಾದ್ರೆ ನಂಗೆ ನಿಮ್ಮ ಕಣ್ಣು ಬೇಕು, ಟೀಚರ್. ನನ್ನ ಹತ್ರ ಒಬ್ಬ ಚಕ್ರವರ್ತಿ ಇದಾನೆ. ಅವನ ಮುಖ ನೋಡಿ ಬಹಳ ದಿನ ಆಯ್ತು."

ಅವತ್ತಿನಿಂದ ಅವರು ನನ್ನನ್ನು ಟೀಚರ್ ಎಂದೇ ಕರೆದರು. ಆ ದೇಶದಲ್ಲಿ ಬೇರೆ ಯಾರೂ ನನ್ನನ್ನು ಹಾಗೆ ಕರೆದದ್ದಿಲ್ಲ. ಆ ಒಂದು ಶಬ್ದಕ್ಕೆ ನಾನು ಇವತ್ತಿಗೂ ಋಣಿ.

ಅವರ ಊಟದ ಮೇಜಿನ ತುಂಬ ತಾಮ್ರ. ಸಣ್ಣ ಸಣ್ಣ ಕಾಗದದ ಲಕೋಟೆಗಳಲ್ಲಿ ಕಪ್ಪು, ಹಸಿರು, ಕಂದು ಬಣ್ಣಕ್ಕೆ ತಿರುಗಿದ ನಾಣ್ಯಗಳು. ಮಧ್ಯಾಹ್ನ ನಾನು ಹೋಗಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಕಂಡದ್ದನ್ನು ಹೇಳುವುದು, ಅವರು ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಸವರುತ್ತ ಕಥೆ ಹೇಳುವುದು. ಮೊದಮೊದಲು ನನಗೆ ಎಲ್ಲವೂ ಸುಟ್ಟ ಹಪ್ಪಳದ ಚೂರಿನ ಹಾಗೆ ಕಾಣುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಕಣ್ಣು ಪಳಗಿತು.

ಅನಸ್ಟೇಷಿಯಸ್ ರಾಜವಂಶದವನಲ್ಲ. ಅರಮನೆಯಲ್ಲಿ ಚಕ್ರವರ್ತಿಯ ಸುತ್ತ ಗದ್ದಲವಾಗದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಒಂದು ಕಣ್ಣು ಕಪ್ಪು, ಇನ್ನೊಂದು ನೀಲಿಯಂತೆ. ಹಳೆಯ ಚಕ್ರವರ್ತಿ ತೀರಿಕೊಂಡಾಗ ಅವನ ವಿಧವೆ ರಾಣಿ ಇವನನ್ನು ಆರಿಸಿ, ಪಟ್ಟಕ್ಕೆ ಕೂರಿಸಿ, ಮದುವೆಯೂ ಆದಳು. ಆಗಲೇ ಅವನಿಗೆ ಅರವತ್ತರ ಆಸುಪಾಸು. ನಮ್ಮಲ್ಲಿ ರಿಟೈರ್ ಆಗುವ ವಯಸ್ಸಿನಲ್ಲಿ ಅವನ ನೌಕರಿ ಶುರುವಾಯಿತು ಎಂದು ಡಾಕ್ಟರು ನಗುತ್ತಿದ್ದರು. ನನಗೆ ಆ ಭಾಗವನ್ನು ಮತ್ತೆ ಮತ್ತೆ ಕೇಳುವ ಆಸೆ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಕಾಲಕ್ಕೆ ಪೇಟೆಯಲ್ಲಿ ಓಡಾಡುತ್ತಿದ್ದ ತಾಮ್ರದ ಕಾಸು ಎಷ್ಟು ಚಿಕ್ಕದಾಗಿತ್ತೆಂದರೆ, ನಮ್ಮ ಬೇಳೆಕಾಳಿನ ಜೊತೆ ಬೆರೆತರೆ ಆರಿಸುವುದೇ ಕಷ್ಟ. ಸೊಪ್ಪು ಕೊಳ್ಳಲು ಹೋಗುವವಳು ಒಂದು ಚೀಲ ಚೂರು ತಾಮ್ರ ಹೊರಬೇಕು. ಅನಸ್ಟೇಷಿಯಸ್ ಅಂಥ ನಲವತ್ತು ಚೂರಿಗೆ ಸಮನಾದ ಒಂದು ದೊಡ್ಡ ನಾಣ್ಯ ಹೊರಡಿಸಿದ. ಒಂದು ಕಡೆ ತನ್ನ ಮುಖ. ಇನ್ನೊಂದು ಕಡೆ ಇಡೀ ಬಿಲ್ಲೆ ತುಂಬುವ ಒಂದೇ ಅಕ್ಷರ, ಎಂ. ಅವರ ಗ್ರೀಕ್ ಲೆಕ್ಕದಲ್ಲಿ ಅದು ನಲವತ್ತರ ಗುರುತು. ಮೊದಲು ಹೊರಡಿಸಿದ್ದು ಚಿಕ್ಕ, ಹಗುರ ಬಿಲ್ಲೆ. ಅದು ಸರಿಹೋಗಲಿಲ್ಲ. ಎಂಬತ್ತರ ಹತ್ತಿರ ಬಂದಾಗ ಅದರ ತೂಕವನ್ನು ದುಪ್ಪಟ್ಟು ಮಾಡಿ, ಅಕ್ಷರವನ್ನೂ ದೊಡ್ಡದು ಮಾಡಿಸಿದ. ಡಾಕ್ಟರಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ. ಆ ವಯಸ್ಸಿನಲ್ಲಿ ತನ್ನದೇ ಕೆಲಸವನ್ನು ತಿದ್ದಿಕೊಂಡ ಮನುಷ್ಯ ಎನ್ನುತ್ತಿದ್ದರು.

ಇದಕ್ಕೆ ಅವರದೇ ಒಂದು ವಾದವೂ ಇತ್ತು. ವಿದ್ವಾಂಸರು ಬೆಲೆ, ತೂಕ, ಬೊಕ್ಕಸ ಎಂದೆಲ್ಲ ಕಾರಣ ಕೊಡುತ್ತಾರೆ. ಡಾಕ್ಟರು ಹೇಳುತ್ತಿದ್ದದ್ದು, ಮುದುಕನಿಗೆ ತನ್ನ ಚಿಕ್ಕ ಕಾಸು ಕಾಣಿಸದೆ ಹೋಗಿರಬೇಕು ಎಂದು. ಆಧಾರ ಏನಿದೆ ಎಂದು ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಆಧಾರ ಇಲ್ಲ ಎಂದು ಒಪ್ಪಿಕೊಂಡೇ ಮತ್ತೆ ಅದನ್ನೇ ಹೇಳುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರ ಜೂನಿನಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಅವರಿಗೆ ಮೆಲ್ಬರ್ನ್‌ನಿಂದ ಕರೆ ಬಂತು. ಅಲ್ಲಿನ ನಾಣ್ಯಪ್ರಿಯರ ಒಂದು ಸಂಘದಲ್ಲಿ ಅವರು ಹರೆಯದಿಂದ ಸದಸ್ಯರು. ಸೆಪ್ಟೆಂಬರಿನ ವಸಂತದಲ್ಲಿ ಬಂದು ಮಾತಾಡಿ ಎಂದಿದ್ದರು. ಇದೇ ನನ್ನ ಕೊನೆಯ ಭಾಷಣ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು. ಅದಕ್ಕೆ ಅವರು ಆರಿಸಿಟ್ಟದ್ದು ಆ ಚಿಕ್ಕ, ಹಗುರ, ಮೊದಲ ನಾಣ್ಯ. ಅವರ ಹತ್ತಿರ ಅಂಥದ್ದು ಇದ್ದದ್ದು ಒಂದೇ. ಮೆಲ್ಬರ್ನ್‌ನಲ್ಲೇ ತಮ್ಮ ಮೊದಲ ಸಂಪಾದನೆಯ ಕಾಲದಲ್ಲಿ ಕೊಂಡದ್ದು. ಅದರ ಮೇಲೆ ನಯವಾದ ಕಡುಹಸಿರು ಕಿಲುಬು. ಶತಮಾನಗಳು ಮಣ್ಣಲ್ಲಿದ್ದು ಬಂದ ಆ ಪದರವೇ ನಾಣ್ಯದ ಮಾನ, ಅದನ್ನು ತೆಗೆದವನಿಗೆ ಈ ಜನರ ನಡುವೆ ಮರ್ಯಾದೆ ಇಲ್ಲ. "ಹಲ್ಲು ಉಜ್ಜಿ, ಕಾಸು ಉಜ್ಜಬೇಡಿ," ಎಂಬುದು ಡಾಕ್ಟರ ಬಾಯಿಪಾಠ.

ಸಭೆಯಲ್ಲಿ ತೋರಿಸಲು ಅದರದೊಂದು ದೊಡ್ಡ ಚಿತ್ರ ಬರೆದುಕೊಡಿ ಎಂದು ಆ ನಾಣ್ಯವನ್ನು ನನ್ನ ಕೈಗಿತ್ತರು. ನಮ್ಮ ಮನೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು. ಲಕೋಟೆಯನ್ನು ಮೇಜಿನ ಮೇಲಿಟ್ಟುಕೊಂಡು ಎರಡು ದಿನದಿಂದ ಪೆನ್ಸಿಲ್ ಹಿಡಿದಿದ್ದೆ.

ಆ ಹೊತ್ತಿಗೆ ಮೈಸೂರಿನಿಂದ ನನ್ನ ಅತ್ತೆ ಬಂದಿದ್ದರು. ಕೈ ಸುಮ್ಮನಿರದ ಹೆಂಗಸು. ಬಂದ ವಾರದಲ್ಲೇ ನನ್ನ ಕುಕ್ಕರಿನ ತಳ ಕನ್ನಡಿಯಾಗಿತ್ತು. ವರಮಹಾಲಕ್ಷ್ಮಿ ಹಬ್ಬ ಬಂತು. ನಮ್ಮ ಅತ್ತೆಯ ಮನೆತನದಲ್ಲಿ ಕಳಶದ ಮುಂದೆ ವೀಳ್ಯದೆಲೆಯ ಮೇಲೆ ಒಂದು ತಾಮ್ರದ ಕಾಸಿಟ್ಟು ಅರಿಶಿನ ಕುಂಕುಮ ಹಚ್ಚುವ ಪದ್ಧತಿ. ಅದಕ್ಕೆಂದೇ ಒಡೆಯರ ಕಾಲದ ಒಂದು ಆನೆ ಕಾಸು ಇದೆ. ಅದನ್ನು ಅವರು ಮೈಸೂರಿನಲ್ಲೇ ಮರೆತು ಬಂದಿದ್ದರು.

ಹಬ್ಬದ ಬೆಳಗ್ಗೆ ನಾನು ಹೂವು, ಎಲೆ ತರಲು ಪೆಂಡಲ್ ಹಿಲ್‌ಗೆ ಹೋಗಿ ಬರುವಷ್ಟರಲ್ಲಿ ದೀಪದ ಕಂಬ, ತಟ್ಟೆ, ಪಂಚಪಾತ್ರೆ ಎಲ್ಲ ಥಳಥಳ ಹೊಳೆಯುತ್ತಿದ್ದವು. ಎಲೆ ತೊಳೆದುಕೊಟ್ಟು ಸ್ನಾನಕ್ಕೆ ಹೋದೆ. ಬಂದು ಕೈ ಮುಗಿದು ನೋಡಿದರೆ ಕಳಶದ ಮುಂದೆ, ಎಲೆಯ ಮೇಲೆ, ಹೊಸ ಚೊಂಬಿನ ಬಣ್ಣದ ಒಂದು ಬಿಲ್ಲೆ. ಒದ್ದೆ ಅರಿಶಿನ, ಅಂಚಿಗೆ ಒಂದು ಚಿಟಿಕೆ ಕುಂಕುಮ.

"ಅತ್ತೆ, ಇದೆಲ್ಲಿ ಸಿಕ್ತು?"

"ನಿನ್ ಮೇಜಿನ್ ಮೇಲೆ ಕವರಲ್ಲಿ ಇತ್ತಲ್ಲಮ್ಮ. ಅದೇನು ಕಿಲುಬು ಅಂತೀಯ! ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತಿಕ್ಕಿ ನನ್ ಬೆರಳೇ ಬಿದ್ದೋಯ್ತು. ಈಗ ನೋಡು, ಹೆಂಗೆ ನಗ್ತಾ ಇದೆ."

"ಇಲ್ಲಿ ಬೇರೆ ಕಾಸು ಇರ್ಲಿಲ್ವಾ?" ಎಂದು ಕಿರುಚಿದೆ.

"ನಿಮ್ಮೂರಿನ ಕಾಸಲ್ಲೆಲ್ಲ ಆ ಇಂಗ್ಲೆಂಡ್ ರಾಣಿ ತಲೆ ಇದೆ. ಆಯಮ್ಮ ಇನ್ನೂ ಚೆನ್ನಾಗಿ ಬದುಕಿದಾಳೆ. ಬದುಕಿರೋರ್ನ ತಂದು ದೇವ್ರ ಮುಂದೆ ಇಟ್ಟು ಕುಂಕುಮ ಹಚ್ತಾರೇನೆ? ಅದೂ ಅಲ್ದೆ, ಅದು ತಾಮ್ರಾನೂ ಅಲ್ಲ."

ವಿಷಯ ಏನೆಂದು ಹೇಳಿದಾಗ ಅತ್ತೆಯ ಮುಖ ಬಿಳಚಿಕೊಂಡಿತು. ಆದರೂ ನಾನು ಕಾಸಿಗೆ ಕೈ ಹಾಕಿದಾಗ ತಡೆದರು. ಪೂಜೆಗೆ ಕೂರಿಸಿ ಆಗಿದೆ, ನಾಳೆ ಕಳಶ ಕದಲಿಸುವವರೆಗೆ ಅಲ್ಲಿಂದ ಒಂದು ಅಕ್ಕಿಕಾಳು ಕೂಡ ತೆಗೆಯುವ ಹಾಗಿಲ್ಲ ಎಂದರು. ಅವರು ಅಳುತ್ತಿದ್ದರು, ಆದರೆ ಜಗ್ಗಲಿಲ್ಲ.

ನಾಳೆಯವರೆಗೆ ಬಚ್ಚಿಡುವುದು ನನ್ನ ಜಾಯಮಾನವಲ್ಲ. ಮೇಲೆ ಹೋಗಿ ಹೇಳಿದೆ. ಡಾಕ್ಟರು ಮೊದಲು ಹುಣಸೆಹಣ್ಣು ಎಂದರೇನು ಎಂದು ಕೇಳಿದರು. ಹುಳಿ ಎಂದೆ. ಎಷ್ಟು ಹುಳಿ ಎಂದರು. ಬಹಳ ಎಂದೆ. ಕುರ್ಚಿಯ ತೋಳನ್ನು ಹಿಡಿದುಕೊಂಡರು.

"ಸಾವಿರದೈನೂರು ವರ್ಷ ಅದನ್ನ ಯಾರೂ ಕೆಡಿಸಿರ್ಲಿಲ್ಲ, ಟೀಚರ್. ಏನು ಹಿಡ್ಕೊಂಡು ನಾನು ಮೆಲ್ಬರ್ನ್‌ಗೆ ಹೋಗ್ಲಿ? ದಯವಿಟ್ಟು ಈಗ ಹೊರಡಿ."

ಬಾಗಿಲವರೆಗೆ ಬಂದೆ. ಈ ಬಾಗಿಲು ಇನ್ನು ನನಗೆ ತೆರೆಯುವುದಿಲ್ಲ, ನಾಳೆಯಿಂದ ಮತ್ತೆ ತೊಗರಿಬೇಳೆ ಹೋಲಿಸುತ್ತ ನಿಲ್ಲಬೇಕು ಎಂದು ಅನಿಸಿ ದುಃಖ ಒತ್ತರಿಸಿ ಬಂತು. ಅಲ್ಲೇ ನಿಂತು ಹೇಳಿದೆ. ನಾಣ್ಯವನ್ನು ತಂದುಕೊಡೋಣವೆಂದರೆ ನಮ್ಮ ಅತ್ತೆ ನಾಳೆಯವರೆಗೆ ಮುಟ್ಟಲು ಬಿಡುವುದಿಲ್ಲ, ಬೇಕಾದರೆ ನೀವೇ ಬಂದು ನೋಡಿ. ಡಾಕ್ಟರು ಕೋಲು ತಡಕಿ ಎದ್ದರು. ನೋಡಲು ಅವರಿಗೆ ಕಣ್ಣೆಲ್ಲಿದೆ ಎಂಬುದು ಇಬ್ಬರಿಗೂ ಆಗ ಹೊಳೆಯಲಿಲ್ಲ.

ಮೊಣಕೈ ಹಿಡಿದು ಮೆಟ್ಟಿಲಿಳಿಸಿದೆ. ಷೂ ಬಿಚ್ಚಿಸಿ ಒಳಗೆ ಕರೆತಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು. ಡಾಕ್ಟರು ಮಣೆಯ ಮುಂದೆ ಕಷ್ಟಪಟ್ಟು ಮೊಣಕಾಲೂರಿ, ಕೈಯಿಂದ ಮುಟ್ಟಬಾರದೆಂದು ನಾನು ಹೇಳಿದ್ದರಿಂದ ಕೈ ಹಿಂದೆ ಕಟ್ಟಿಕೊಂಡು, ತಲೆಯನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡಿದರು. ಎರಡು ದೀಪದ ಬೆಳಕು ಎಲೆಯ ಮೇಲೆ ಬಿದ್ದಿತ್ತು.

"ಎಂ," ಎಂದರು.

ಅವರಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದಾರೆ ಅಂದುಕೊಂಡೆ.

"ಅಲ್ಲ, ಟೀಚರ್. ಕಾಣ್ತಾ ಇದೆ. ಎಂ ಕಾಣ್ತಾ ಇದೆ. ಮೇಲೆ ಶಿಲುಬೆ. ಅದರ ಎಡಗಡೆ ತೋಳು ಸವೆದಿದೆ, ಅಲ್ವಾ?"

ನಾನೂ ಬಗ್ಗಿ ನೋಡಿದೆ. ಕಪ್ಪು ಹಸಿರಿನ ಮೇಲೆ ಕಪ್ಪು ಹಸಿರಾಗಿ ಅವರಿಗೆ ಕಳೆದುಹೋಗಿದ್ದ ಅಕ್ಷರ ಈಗ ಕೆಂಪು ತಾಮ್ರವಾಗಿ ಎದ್ದು ನಿಂತಿತ್ತು. ಅದರ ಸುತ್ತಲಿನ ತಗ್ಗಿನಲ್ಲೆಲ್ಲ ಅರಿಶಿನ ಕೂತು ಒಣಗಿತ್ತು. ಹಳದಿಯ ನಡುವೆ ಕೆಂಪು ಎಂ. ಶಿಲುಬೆಯ ಎಡತೋಳು ಸವೆದದ್ದು ನಿಜ. ಅದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ, ಯಾಕೆಂದರೆ ಆ ಕಿಲುಬಿನಲ್ಲಿ ನನಗೇ ಕಂಡಿರಲಿಲ್ಲ.

ಡಾಕ್ಟರು ಅತ್ತರು. ಗಂಡಸರು ಅಳುವುದನ್ನು ಕಂಡರೆ ನಮ್ಮ ಅತ್ತೆಗೆ ತಡೆಯದು. ಓಡಿ ಹೋಗಿ ಒಂದು ತಟ್ಟೆಯಲ್ಲಿ ಬಿಸಿ ಒಬ್ಬಟ್ಟು, ಮೇಲೆ ತುಪ್ಪ ಹಾಕಿ ತಂದು ಅವರ ಕೈಗಿಟ್ಟರು. "ತಪ್ಪಾಯ್ತು ಅಂತ ಹೇಳಮ್ಮ ಅವ್ರಿಗೆ," ಎಂದು ನನಗೆ ಹೇಳಿದರು. ಹೇಳಿದೆ. ಡಾಕ್ಟರು ಒಬ್ಬಟ್ಟು ತಿನ್ನುತ್ತಾ, ನಾಣ್ಯ ಹಾಳಾಗಿದೆ, ಪೂರ್ತಿ ಹಾಳಾಗಿದೆ, ಅರಿಶಿನವನ್ನು ಮಾತ್ರ ಯಾರೂ ಒರೆಸಬೇಡಿ ಎಂದರು.

ಸೆಪ್ಟೆಂಬರಿನಲ್ಲಿ ಮೂವರೂ ರೈಲಿನಲ್ಲಿ ಮೆಲ್ಬರ್ನ್‌ಗೆ ಹೊರಟೆವು. ಅತ್ತೆ ಬರಲೇಬೇಕೆಂದು ಡಾಕ್ಟರ ಹಟ. ಬೆಳಗ್ಗೆ ಹತ್ತಿದರೆ ಸಂಜೆಯವರೆಗೆ ಹುಲ್ಲುಗಾವಲು, ಕುರಿ, ಮತ್ತೆ ಹುಲ್ಲುಗಾವಲು. ಮಧ್ಯಾಹ್ನಕ್ಕೆ ಅತ್ತೆ ಪುಳಿಯೋಗರೆಯ ಡಬ್ಬಿ ತೆಗೆದರು. ಅದರ ಹುಳಿ ಯಾವುದರಿಂದ ಬಂತೆಂದು ನಾನು ಹೇಳಿದಾಗ ಡಾಕ್ಟರ ಚಮಚ ಗಾಳಿಯಲ್ಲೇ ನಿಂತಿತು. ಇದನ್ನು ತಿಂದೂ ನಿಮ್ಮ ಜನರ ಹಲ್ಲು ಉಳಿದಿದೆಯೇ ಎಂದು ಕೇಳಿ, ಎರಡನೆಯ ಸಲವೂ ಹಾಕಿಸಿಕೊಂಡರು.

ದಾರಿಯುದ್ದಕ್ಕೂ ಅವರಿಗೆ ಒಳಗೊಳಗೇ ಅಳುಕಿತ್ತು. ಹಳೆಯ ಗೆಳೆಯರ ಮುಂದೆ ಉಜ್ಜಿದ ನಾಣ್ಯ ಹಿಡಿದು ನಿಲ್ಲುವುದೆಂದರೆ ಸುಮ್ಮನೆಯೆ? ಆಗ ಅವರು ಅನಸ್ಟೇಷಿಯಸ್‌ನ ಇನ್ನೊಂದು ಕಥೆ ಹೇಳಿದರು. ಅವನ ಕೊನೆಗಾಲದಲ್ಲಿ ಧರ್ಮದ ಜಗಳ ಹೊತ್ತಿಕೊಂಡು ಊರಿನ ಜನ ದಂಗೆಯೆದ್ದರು, ಅವನ ಪ್ರತಿಮೆಗಳನ್ನು ಉರುಳಿಸಿದರು. ಮುದುಕ ರಥಗಳ ಪಂದ್ಯ ನಡೆಯುವ ಬಯಲಿಗೆ ಬಂದು, ಕಿರೀಟವಿಲ್ಲದ ತಲೆಯಲ್ಲಿ ಎಲ್ಲರೆದುರು ನಿಂತು, ಬೇಡವಾದರೆ ಹೇಳಿ, ಪಟ್ಟ ಬಿಡುತ್ತೇನೆ ಎಂದ. ಜನ ತಣ್ಣಗಾದರು, ಕಿರೀಟ ಹಾಕಿಕೋ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಹೌದು ಮತ್ತೆ," ಎಂದರು ಅತ್ತೆ. "ಬರೀ ತಲೇಲಿ ಬಂದು ನಿಂತೋರ್ನ ಯಾರು ಬೈತಾರೆ?"

ಡಾಕ್ಟರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡು ಆ ಮಾತನ್ನೇ ನಿಧಾನವಾಗಿ ಇನ್ನೊಮ್ಮೆ ಹೇಳಿಕೊಂಡರು.

ಸಭೆ ನಡೆದದ್ದು ಮೆಲ್ಬರ್ನ್‌ನ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಬಹುಪಾಲು ತಲೆಗಳು ಬಿಳಿ. ಡಾಕ್ಟರು ನಾಣ್ಯವನ್ನು ಮೊದಲಿಗೇ ಹೊರತೆಗೆದು ಮೇಜಿನ ದೀಪದ ಕೆಳಗಿಟ್ಟರು. ಮುಂದಿನ ಸಾಲಿನಿಂದ ಯಾರೋ ಹೌಹಾರಿದ ಸದ್ದಾಯಿತು. ಅಯ್ಯೋ, ಇದನ್ನು ಯಾರು ಮಾಡಿದರು ಎಂದು ಒಬ್ಬರು ಎದ್ದೇ ನಿಂತರು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಾಣ್ಯ ಹಾಳಾಗಿದೆ, ಒಪ್ಕೋತೀನಿ," ಎಂದರು ಡಾಕ್ಟರು. "ನನ್ನ ಕಣ್ಣೂ ಹಾಳಾಗಿದೆ. ಆದ್ರೆ ಎರಡು ವರ್ಷದಲ್ಲಿ ನಾನು ಕಣ್ಣಾರೆ ಕಂಡ ಒಂದೇ ನಾಣ್ಯ ಇದು. ಒಬ್ರು ಇದನ್ನ ದೇವರ ಮುಂದೆ ಇಡಬೇಕು ಅಂತ ತೊಳೆದ್ರು. ಇದನ್ನ ಅಚ್ಚು ಹಾಕಿಸಿದ ಮುದುಕನಿಗೆ ಬೇಕಾಗಿದ್ದೂ ಇಷ್ಟೇ ಅಲ್ವಾ? ಪೇಟೇಲಿ ನಿಂತ ಯಾರಿಗಾದ್ರೂ ಸರಿ, ಓದು ಬಾರದವರಿಗೂ, ಕಣ್ಣು ಮಂಜಾದವರಿಗೂ, ಆ ಅಕ್ಷರ ಕಾಣಬೇಕು."

ಆಮೇಲೆ ತಮ್ಮ ಆಧಾರವಿಲ್ಲದ ವಾದವನ್ನೂ ಮಂಡಿಸಿದರು. ಕೆಲವರು ನಕ್ಕರು. ಎದ್ದು ನಿಂತಿದ್ದವರು ಕೂತರು. ಕೊನೆಗೆ ಒಬ್ಬೊಬ್ಬರೇ ಬಂದು ದೀಪದ ಕೆಳಗೆ ಬಗ್ಗಿ ನೋಡಿದರು, ಕೆಲವರು ಕನ್ನಡಕ ತೆಗೆದು ನೋಡಿದರು. ಅವರಲ್ಲಿ ಎಷ್ಟೋ ಜನರ ಕಣ್ಣೂ ಮಂಜಾಗಿತ್ತು ಎಂದು ನನಗೆ ಆಗ ತಿಳಿಯಿತು. ಅತ್ತೆಗೆ ಡಾಕ್ಟರ ವಾದವನ್ನು ಹೇಳಿದೆ. "ಇದರಲ್ಲಿ ವಾದ ಏನು ಬಂತು? ವಯಸ್ಸಾದ್ರೆ ಸಣ್ಣ ಕಾಸು ಕಾಣಲ್ಲ," ಎಂದರು.

ನನ್ನ ಚಿತ್ರವೂ ಗೋಡೆಯ ಮೇಲಿತ್ತು. ಬರೆದವರು ಯಾರೆಂದು ಕೇಳಿದ್ದಕ್ಕೆ ಡಾಕ್ಟರು, ನಮ್ಮ ಟೀಚರ್, ಎಂದರು. ಆ ವರ್ಷವೇ ನಾನು ರೋಷ ಬಿಟ್ಟು ಅಲ್ಲಿನ ಓದಿಗೆ ಅರ್ಜಿ ಹಾಕಿದೆ. ಈಗ ಮತ್ತೆ ಕ್ಲಾಸಿಗೆ ಹೋಗುತ್ತೇನೆ. ಪೂರ್ವದ ಚಕ್ರವರ್ತಿಗಳನ್ನು ಒಂದು ಸಾಲಿನಲ್ಲಿ ಮುಗಿಸುವುದನ್ನು ನಿಲ್ಲಿಸಿದ್ದೇನೆ.

ಅತ್ತೆ ಮೈಸೂರಿಗೆ ಮರಳಿದರು. ಎರಡು ವರ್ಷ ಕಳೆದ ಮೇಲೆ ಊರಿನಿಂದ ಬಂದ ಪರಿಚಯದವರ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದರು. ಒಳಗೆ ಆನೆ ಕಾಸು. ಅವರ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ವರ್ಷವರ್ಷವೂ ತಿಕ್ಕಿ ಬೆಳಗಿದ ಕಾಸು. ಈಗ ನೋಡಿದರೆ ಕಪ್ಪಗೆ, ಅಂಚಿನಲ್ಲಿ ಹಸಿರಾಗಿತ್ತು. ಫೋನಿನಲ್ಲಿ ಅತ್ತೆ ಹೇಳಿದರು: "ಡಾಕ್ಟ್ರಿಗೆ ಕೊಡಮ್ಮ. ಎರಡು ಹಬ್ಬ ಹಾಗೇ ಇಟ್ಟಿದೀನಿ, ಒಂದು ಸಲಾನೂ ತಿಕ್ಕಿಲ್ಲ. ಅವ್ರಿಗೆ ಕಿಲುಬು ಅಂದ್ರೆ ಪ್ರಾಣ ಅಲ್ವಾ?"

ಕೊಳೆ ಕಂಡರೆ ನಿದ್ದೆ ಬಾರದ ಆ ಹೆಂಗಸು ದೇವರ ಮುಂದಿನ ಕಾಸನ್ನು ಹೇಗೆ ಬಿಟ್ಟಿದ್ದರೋ! ಮೇಲೆ ಹೋಗಿ ಕೊಟ್ಟು ವಿಷಯ ಹೇಳಿದೆ. ಡಾಕ್ಟರು ಅದನ್ನು ಹೆಬ್ಬೆರಳಿನಲ್ಲಿ ಸವರಿದರು, ಕಿಟಕಿಗೆ ಹಿಡಿದರು, ಕಣ್ಣಂಚಿಗೆ ತಂದರು. ಏನೂ ಕಾಣಲಿಲ್ಲ. ನಿಮ್ಮ ಮನೆಯಲ್ಲಿ ಹುಣಸೆಹಣ್ಣು ಇದೆಯೇ ಎಂದರು.

ಅವರ ಸಿಂಕಿನಲ್ಲಿ ಇಬ್ಬರೂ ಸೇರಿ ತಿಕ್ಕಿದೆವು. ಅರಿಶಿನ ಕಲಸಿ ಹಚ್ಚಿ, ಒಣಗಿಸಿ, ಮೇಲಿನದನ್ನು ಬಟ್ಟೆಯಿಂದ ಒರೆಸಿದೆ. ದೀಪದ ಕೆಳಗೆ ಆನೆ ಎದ್ದು ಬಂತು. ಮೊದಲು ಕಾಲು ಕಂಡಿತು ಎಂದರು, ಆಮೇಲೆ ಬಾಲ. ಆನೆಯ ಮೇಲೆ ಏನೋ ಬರೆದಿದೆಯಲ್ಲ ಎಂದರು. ಶ್ರೀ ಎಂದೆ. ನಮ್ಮಲ್ಲಿ ಏನು ಬರೆಯಲು ಹೊರಟರೂ ಮೊದಲು ಅದನ್ನೇ ಬರೆಯುವುದು ಎಂದೆ. ಅವರು ಆ ಅಕ್ಷರವನ್ನು ಬೆರಳಿನಿಂದ ಮೇಜಿನ ಮೇಲೆ ತಿದ್ದುತ್ತಾ ಕೂತಿದ್ದಾಗ ನನ್ನ ಫೋನು ಬಂತು. ಅತ್ತೆ.

"ಕೊಟ್ಯಾ? ಏನಂದ್ರು? ನೀವ್ಯಾರೂ ತಿಕ್ಕಿಲ್ಲ ತಾನೇ?"

ನಾನು ಡಾಕ್ಟರ ಮುಖ ನೋಡಿದೆ. ಅವರಿಗೆ ಕನ್ನಡ ಬಾರದು, ಆದರೆ ಆ ದನಿಯ ಆತಂಕ ಅರ್ಥವಾಗಿರಬೇಕು. ಹಳದಿ ಬೆರಳನ್ನು ತುಟಿಯ ಮೇಲಿಟ್ಟು ತಲೆ ಅಲ್ಲಾಡಿಸಿದರು.

"ಇಲ್ಲ ಅತ್ತೆ," ಎಂದೆ. "ನೀವು ಕಳಿಸಿದ ಹಾಗೇ ಇದೆ. ನೋಡ್ತಾ ಕೂತಿದಾರೆ."